ನನ್ನ ಹತ್ತಿರ ವ್ಯಾಯಾಮ ತರಬೇತಿಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಸಲ ಬರುವವರ ಮನಸ್ಸಿನಲ್ಲಿ ಹತ್ತಾರು ಅನುಮಾನ ಇರುತ್ತವೆ. ಎದುರಿಗೆ ಕೇಳಲು ಕೆಲವರಿಗೆ ಸಂಕೋಚ. ಹಾಗಾಗಿ ಹೆಚ್ಚಾಗಿ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಓದಿ, ಆಮೇಲೆ ಬರಬೇಕೋ ಬೇಡವೋ ತೀರ್ಮಾನಿಸಿ. ನನ್ನ ರೀತಿ ಎಲ್ಲರಿಗೂ ಹೊಂದಬೇಕು ಅಂತೇನಿಲ್ಲ.

ನೀವು ಚಿಕ್ಕಂದಿನಿಂದಲೂ ಆಟಗಾರರಾ? ಈ ಕೆಲಸಕ್ಕೆ ಹೇಗೆ ಬಂದಿರಿ?

ಆಟಗಾರನಾಗಿರಲಿಲ್ಲ. ಶಾಲೆಯಲ್ಲಿ ಯಾವ ತಂಡದಲ್ಲೂ ಇರಲಿಲ್ಲ. ಓದು ಮುಗಿದ ಮೇಲೆ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತು. ಕೆಲವು ವರ್ಷಗಳಲ್ಲಿ ಬೆನ್ನು ಹಿಡಿದುಕೊಳ್ಳುವುದು ಶುರುವಾಯಿತು. ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತಿತ್ತು. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ 6 ದಾಟಿತ್ತು. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಅಂದಾಜು ಕೊಡುವ ಪರೀಕ್ಷೆ ಅದು. 5.7ರಿಂದ 6.4ರ ನಡುವೆ ಬಂದರೆ ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಹತ್ತಿರ ಬಂದಿದೆ ಅಂತ ಲೆಕ್ಕ. "ಈಗಲೇ ಮಾತ್ರೆ ಬೇಡ, ಮೊದಲು ನಡೆಯಿರಿ" ಅಂದರು ಡಾಕ್ಟರ್.

ನಡೆದೆ. ಉಸಿರು ಸುಧಾರಿಸಿತು, ಬೆನ್ನು ಮಾತ್ರ ಹಾಗೇ ಇತ್ತು. ಆಮೇಲೆ ಒಂದು ಜಿಮ್‌ಗೆ ಸೇರಿದೆ. ಅಲ್ಲಿದ್ದ ಕೋಚ್ ಮೇಡಂ ಮೊದಲ ದಿನ ಒಂದು ಡಂಬೆಲ್ ಕೂಡ ಕೊಡಲಿಲ್ಲ. ಬೆಂಚಿನ ಮೇಲೆ ಕೂತು ಏಳಿಸಿದರು, ಎಷ್ಟು ಸಲ ಆಯಿತು ಅಂತ ಪುಸ್ತಕದಲ್ಲಿ ಬರೆದುಕೊಂಡರು. ಮುಂದಿನ ಸಲ ಅದೇ ಪುಟ ತೆರೆದು "ಇವತ್ತು ಇನ್ನೊಂದು ಜಾಸ್ತಿ ನೋಡೋಣ್ವಾ?" ಅಂದರು. ನನ್ನ ಮೈ ಬಗ್ಗೆ ಇನ್ನೊಬ್ಬರು ಇಷ್ಟು ಗಮನ ಇಟ್ಟಿದ್ದಾರಲ್ಲ ಅಂತ ತುಂಬಾ ಖುಷಿಯಾಯಿತು. ಸ್ನಾಯು ಬೆಳೆಸುವ ಆಸೆಗಿಂತ ಆ ಗಮನವೇ ನನ್ನನ್ನು ಈ ಕೆಲಸಕ್ಕೆ ಎಳೆಯಿತು. ಮೂಳೆ, ಕೀಲು, ಸ್ನಾಯುಗಳ ಬಗ್ಗೆ ಓದಿದೆ. ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಉಸಿರು ಕೊಡುವುದು) ಕಲಿತೆ. ಟ್ರೈನರ್ ಪರೀಕ್ಷೆ ಪಾಸು ಮಾಡಿದೆ. ಆದರೂ ನಿಜವಾದ ಕಲಿಕೆ ಆಗಿದ್ದು ಹಿರಿಯ ಟ್ರೈನರ್‌ಗಳ ಪಕ್ಕದಲ್ಲಿ ನಿಂತು, ಬಗೆಬಗೆಯ ಜನ ಹೇಗೆ ಬಗ್ಗುತ್ತಾರೆ, ಹೇಗೆ ಏಳುತ್ತಾರೆ ಅಂತ ನೋಡುತ್ತಾ.

ಟ್ರೈನರ್ ಅಂದರೆ ಕಟ್ಟುಮಸ್ತಾಗಿ ಇರಬೇಕಲ್ವಾ?

ಇದ್ದರೆ ತಪ್ಪಿಲ್ಲ. ಆದರೆ ಮೈಕಟ್ಟು ನೋಡಿ ಟ್ರೈನರ್ ಆರಿಸಬೇಡಿ. ಅವರ ತೋಳು ಅವರಿಗೆ ಏನು ಹೊಂದಿತು ಅಂತ ಹೇಳುತ್ತದೆ, ನಿಮಗೆ ಏನು ಹೊಂದುತ್ತದೆ ಅಂತ ಹೇಳುವುದಿಲ್ಲ. ವ್ಯಾಯಾಮ ಕೊಡುವ ಮೊದಲು ಪ್ರಶ್ನೆ ಕೇಳುತ್ತಾರಾ? ನೀವು ಮಾಡಿದ್ದನ್ನು ಬರೆದಿಡುತ್ತಾರಾ? ತಮಗೆ ಗೊತ್ತಿಲ್ಲದ್ದು ಬಂದಾಗ "ಇದನ್ನು ಡಾಕ್ಟರ್ ಹತ್ತಿರ ಕೇಳಿ" ಅನ್ನುತ್ತಾರಾ? ಈ ಮೂರನ್ನು ಗಮನಿಸಿ.

ಮೊದಲ ದಿನ ಏನು ಮಾಡಿಸುತ್ತೀರಿ?

ಹೆಚ್ಚು ಹೊತ್ತು ಮಾತೇ. ಮೊದಲು ಒಂದು ಸಣ್ಣ ಫಾರ್ಮ್ ಕೊಡುತ್ತೇನೆ. ಇಂಥ ಪ್ರಶ್ನೆಪಟ್ಟಿ 1970ರ ದಶಕದಲ್ಲಿ ಕೆನಡಾದಲ್ಲಿ ಶುರುವಾಯಿತು, ಈಗ ಬೇರೆ ಬೇರೆ ರೂಪದಲ್ಲಿ ತುಂಬಾ ಕಡೆ ಬಳಕೆಯಲ್ಲಿದೆ. ಎದೆ ನೋವು ಬಂದಿದೆಯಾ, ತಲೆ ಸುತ್ತಿ ಬಿದ್ದಿದ್ದೀರಾ, ಬಿಪಿಗೋ ಹೃದಯಕ್ಕೋ ಮಾತ್ರೆ ತಗೊಳ್ತಿದ್ದೀರಾ, ಮೂಳೆ ಅಥವಾ ಕೀಲಿನ ತೊಂದರೆ ಇದೆಯಾ. ಉತ್ತರದಲ್ಲಿ ಚಿಂತೆ ಮಾಡುವಂಥದ್ದು ಕಂಡರೆ ಮೊದಲು ಡಾಕ್ಟರ್ ಹತ್ತಿರ ಹೋಗಿ ಬನ್ನಿ ಅಂತೇನೆ. ಕೆಲವರಿಗೆ ಇದರಿಂದ ಬೇಜಾರಾಗುತ್ತದೆ. ಆದರೂ ಇದರಲ್ಲಿ ನಾನು ಸಡಿಲ ಬಿಡುವುದಿಲ್ಲ.

ಆಮೇಲೆ ನಿಮ್ಮ ದಿನ ಹೇಗಿರುತ್ತದೆ ಅಂತ ಕೇಳುತ್ತೇನೆ. ಎಷ್ಟು ಗಂಟೆ ನಿದ್ದೆ? ದಿನವಿಡೀ ಕೂತಿರುತ್ತೀರಾ, ನಿಂತಿರುತ್ತೀರಾ? ಮನೆಯಲ್ಲಿ ಚಿಕ್ಕ ಮಕ್ಕಳು ಅಥವಾ ನೋಡಿಕೊಳ್ಳಬೇಕಾದ ಹಿರಿಯರು ಇದ್ದಾರಾ? ಯಾವ ವ್ಯಾಯಾಮ ಕಂಡರೆ ನಿಮಗೆ ಆಗಲ್ಲ? ಹಿಂದೆ ಶುರು ಮಾಡಿ ಬಿಟ್ಟಿದ್ದರೆ, ಯಾಕೆ ಬಿಟ್ಟಿರಿ? ಕೊನೆಯ ಪ್ರಶ್ನೆಗೆ ಬರುವ ಉತ್ತರ ನನಗೆ ತೂಕ, ಎತ್ತರ ಎಲ್ಲಕ್ಕಿಂತ ಮುಖ್ಯ. ಒಬ್ಬರು ಮಂಡಿ ನೋವಿಗೆ ಬಿಟ್ಟಿರುತ್ತಾರೆ. ಇನ್ನೊಬ್ಬರು ಎಲ್ಲರೂ ತಮ್ಮನ್ನೇ ನೋಡ್ತಾರೆ ಅನ್ನುವ ಮುಜುಗರಕ್ಕೆ. ಇಬ್ಬರಿಗೂ ಒಂದೇ ಪಟ್ಟಿ ಕೊಟ್ಟರೆ ಇಬ್ಬರೂ ಮತ್ತೆ ಬಿಡುತ್ತಾರೆ.

ಕೊನೆಗೆ ಸ್ವಲ್ಪ ಮೈ ಅಲ್ಲಾಡಿಸುತ್ತೇವೆ. 30 ಸೆಕೆಂಡಿನಲ್ಲಿ ಕೈ ಊರದೆ ಕುರ್ಚಿಯಿಂದ ಎಷ್ಟು ಸಲ ಏಳುತ್ತೀರಿ, ಒಂಟಿ ಕಾಲಲ್ಲಿ ಎಷ್ಟು ಹೊತ್ತು ನಿಲ್ಲುತ್ತೀರಿ, ಗೋಡೆಗೆ ಕೈ ಕೊಟ್ಟು ಪುಶ್‌ಅಪ್ ಹೇಗೆ ಮಾಡುತ್ತೀರಿ ಅಂತ ನೋಡುತ್ತೇನೆ. "ಇಷ್ಟೇನಾ? ಇನ್ನೂ ಮಾಡಬಹುದಿತ್ತು" ಅಂತ ಅನ್ನಿಸುವಾಗಲೇ ನಿಮ್ಮನ್ನು ಮನೆಗೆ ಕಳಿಸುತ್ತೇನೆ.

ಎಷ್ಟು ಭಾರ ಎತ್ತಿಸಬೇಕು ಅಂತ ಹೇಗೆ ತೀರ್ಮಾನಿಸುತ್ತೀರಿ?

ನನ್ನ ಕೆಲಸದ ಜೀವಾಳವೇ ಇದು. ಎಷ್ಟು, ಯಾವಾಗ, ಎಷ್ಟು ನಿಧಾನವಾಗಿ ಹೆಚ್ಚಿಸುವುದು. ಸ್ಕ್ವಾಟ್, ಅಂದರೆ ಮಂಡಿ ಮಡಿಸಿ ಕೂತು ಏಳುವುದನ್ನು, ಯಾವ ವಿಡಿಯೋ ನೋಡಿಯೂ ಕಲಿಯಬಹುದು. ಇವತ್ತು ನಿಮಗೆ ಎಷ್ಟು ಸರಿ ಅನ್ನುವುದನ್ನು ವಿಡಿಯೋ ಹೇಳುವುದಿಲ್ಲ.

ಇದಕ್ಕೊಂದು ಒಳ್ಳೆಯ ಹಿನ್ನೆಲೆ ಇದೆ. 1940ರ ದಶಕದಲ್ಲಿ, ಎರಡನೇ ಮಹಾಯುದ್ಧದ ಹೊತ್ತಿಗೆ, ಥಾಮಸ್ ಡಿಲಾರ್ಮ್ ಅನ್ನುವ ಅಮೆರಿಕದ ಸೇನಾ ವೈದ್ಯರು ಗಾಯಗೊಂಡ ಸೈನಿಕರ ಮಂಡಿ, ತೊಡೆಗಳಿಗೆ ಮತ್ತೆ ಬಲ ತರುವ ಕೆಲಸ ಮಾಡುತ್ತಿದ್ದರು. ಹಗುರ ತೂಕವನ್ನು ತುಂಬಾ ಸಲ ಎತ್ತಿಸುವುದು ಆಗಿನ ರೂಢಿ. ಡಿಲಾರ್ಮ್ ಅದನ್ನು ಬಿಟ್ಟು ಭಾರದ ತೂಕ ಕೊಟ್ಟರು, ಬಲ ಬಂದ ಹಾಗೆ ತೂಕ ಹೆಚ್ಚಿಸಿದರು. ಸೈನಿಕರು ಬೇಗ ಚೇತರಿಸಿಕೊಂಡರು. 1945ರಲ್ಲಿ ಅವರು ಈ ವಿಧಾನದ ಬಗ್ಗೆ ಪ್ರಕಟಿಸಿದರು. ಮುಂದೆ ಅದನ್ನು, ನಡುವೆ ಬಿಡುವು ಕೊಟ್ಟು ಎತ್ತಿಸುವ ಮೂರು ಸುತ್ತಿಗೆ, ಅಂದರೆ ಮೂರು ಸೆಟ್‌ಗೆ ಇಳಿಸಿದರು: ಹತ್ತು ಸಲ ಮಾತ್ರ ಎತ್ತಲು ಆಗುವ ತೂಕ ಎಷ್ಟೋ ಅದರ ಅರ್ಧ ಮೊದಲ ಸೆಟ್‌ನಲ್ಲಿ, ಮುಕ್ಕಾಲು ಎರಡನೆಯದರಲ್ಲಿ, ಪೂರ್ತಿ ಮೂರನೆಯದರಲ್ಲಿ. ಇವತ್ತು ಜಿಮ್‌ಗಳಲ್ಲಿ "ಮೂರು ಸೆಟ್, ಹತ್ತು ರೆಪ್" (ಪ್ರತಿ ಸುತ್ತಿಗೆ ಹತ್ತು ಸಲ) ಅಂತ ಕೇಳುತ್ತೀರಲ್ಲ, ಅದರ ಬೇರು ಆಸ್ಪತ್ರೆಯಲ್ಲಿದೆ. ಭಾರ ಎತ್ತುವುದು ಗಟ್ಟಿಮುಟ್ಟಾದವರಿಗೆ ಮಾತ್ರ ಅನ್ನುವವರಿಗೆ ಇದನ್ನು ಹೇಳಲು ನನಗೆ ಬಹಳ ಇಷ್ಟ.

ನಾನು ಮಾಡುವುದು ಹೀಗೆ. ಒಂದು ಸೆಟ್ ಮುಗಿದ ಕೂಡಲೇ "ಇನ್ನೆಷ್ಟು ಆಗ್ತಿತ್ತು?" ಅಂತ ಕೇಳುತ್ತೇನೆ. ಎರಡು ಮೂರು ಅಂದರೆ ತೂಕ ಸರಿ ಇದೆ. ಆರು ಏಳು ಅಂದರೆ ಕಡಿಮೆಯಾಯಿತು. ಒಂದೂ ಇಲ್ಲ ಅಂದರೆ ಹೊಸಬರಿಗೆ ಅದು ಹೆಚ್ಚಾಯಿತು. ಎರಡು ಸಲ ಸತತವಾಗಿ ಸುಲಭ ಅನ್ನಿಸಿದರೆ ಮಾತ್ರ ಸ್ವಲ್ಪ ಏರಿಸುತ್ತೇನೆ. ಹಿಂದಿನ ರಾತ್ರಿ ನಿದ್ದೆ ಇಲ್ಲದಿದ್ದರೆ ಅವತ್ತು ಇಳಿಸುತ್ತೇನೆ. ಇಳಿಸಿದ್ದಕ್ಕೆ ನಾಚಿಕೆ ಪಡಬೇಕಾಗಿಲ್ಲ.

ನಡಿಗೆ, ಸೈಕಲ್ ಇಂಥವಕ್ಕೂ ಹೀಗೇ ಕೇಳುತ್ತೇನೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಮಾಡಿದ 6ರಿಂದ 20ರವರೆಗಿನ ಅಳತೆ ಇದೆ. ಎಷ್ಟು ಕಷ್ಟ ಅನ್ನಿಸುತ್ತಿದೆ ಅಂತ ನೀವೇ ಅಂಕ ಕೊಡುವುದು. 220ರಿಂದ ವಯಸ್ಸು ಕಳೆದು ಹೃದಯ ಬಡಿತದ ಮಿತಿ ಹಾಕುವ ಲೆಕ್ಕ ಎಲ್ಲರಿಗೂ ಗೊತ್ತು, ಆದರೆ ಅದು ಬರೀ ಸರಾಸರಿ. ಒಬ್ಬೊಬ್ಬರಲ್ಲಿ ಹತ್ತು ಹದಿನೈದು ಬಡಿತ ಆಚೀಚೆ ಆಗಬಹುದು. ಬಿಪಿಗೆ ಬೀಟಾ ಬ್ಲಾಕರ್ ತಗೊಳ್ಳುವವರಲ್ಲಿ ಬಡಿತ ಏರುವುದೇ ಕಡಿಮೆ, ಆಗ ವಾಚು ತೋರಿಸುವ ಅಂಕೆ ನಂಬಿದರೆ ದಾರಿ ತಪ್ಪುತ್ತೇವೆ. ನಿಮ್ಮ ಉಸಿರು, ನಿಮ್ಮ ಮಾತು ಹೆಚ್ಚು ನಿಜ ಹೇಳುತ್ತವೆ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟಿದ್ದರೆ ಮಧ್ಯಮ ಶ್ರಮ.

ನನಗೆ 60 ದಾಟಿದೆ. ಈಗ ಭಾರ ಎತ್ತೋದು ಅಪಾಯ ಅಲ್ವಾ?

ಬಲ ಕಳೆದುಕೊಂಡು ಕೂರುವುದು ಅದಕ್ಕಿಂತ ಅಪಾಯ. ನಡುವಯಸ್ಸಿನಿಂದಲೇ ಸ್ನಾಯು ನಿಧಾನವಾಗಿ ಕರಗುತ್ತಾ ಬರುತ್ತದೆ, 60ರ ನಂತರ ಆ ವೇಗ ಹೆಚ್ಚುತ್ತದೆ. ಅದು ಮೊದಲು ಕಾಣುವುದು ಕುರ್ಚಿಯಿಂದ ಏಳುವಾಗ, ಮೆಟ್ಟಿಲು ಇಳಿಯುವಾಗ, ಎಡವಿದಾಗ ಮೈ ಸಂಭಾಳಿಸಿಕೊಳ್ಳುವಾಗ.

1990ರಲ್ಲಿ ಬಾಸ್ಟನ್‌ನಿಂದ ಒಂದು ಅಧ್ಯಯನ ಬಂತು. ಮಾರಿಯಾ ಫಿಯಟರೋನ್ ಮತ್ತು ಅವರ ಜೊತೆಗಾರರು ವೃದ್ಧರ ಆರೈಕೆ ಕೇಂದ್ರದಲ್ಲಿದ್ದ ಹತ್ತು ಜನರಿಗೆ ಕಾಲಿನ ಬಲದ ತರಬೇತಿ ಕೊಟ್ಟರು. ಅವರ ಸರಾಸರಿ ವಯಸ್ಸು 90. ಎಂಟು ವಾರ, ಹಗುರ ತೂಕ ಅಲ್ಲ, ಅವರ ಮಟ್ಟಕ್ಕೆ ಭಾರದ್ದೇ. ಪೂರ್ತಿ ಮುಗಿಸಿದ ಒಂಬತ್ತು ಜನರಲ್ಲಿ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ತೊಡೆಯ ಸ್ನಾಯು ಬೆಳೆದಿತ್ತು, ನಡಿಗೆಯ ವೇಗವೂ ಸುಧಾರಿಸಿತ್ತು. 90ರಲ್ಲಿ ಸ್ನಾಯು ಮಾತು ಕೇಳುತ್ತದೆ ಅಂದಮೇಲೆ 60 ತಡವಾದ ವಯಸ್ಸೇ ಅಲ್ಲ.

ಹಿರಿಯರಿಗೆ ನಾನು ಬಾರ್ಬೆಲ್‌ನಿಂದ ಶುರು ಮಾಡುವುದಿಲ್ಲ. ಕುರ್ಚಿಯಿಂದ ಏಳುವುದು, ಚಿಕ್ಕ ಮೆಟ್ಟಿಲು ಹತ್ತಿ ಇಳಿಯುವುದು, ಕೈಯಲ್ಲಿ ತೂಕ ಹಿಡಿದು ನಡೆಯುವುದು, ಒಂಟಿ ಕಾಲಲ್ಲಿ ನಿಲ್ಲುವುದು. ನೆಲದಿಂದ ಏಳುವುದನ್ನೂ ಕಲಿಸುತ್ತೇನೆ. ಬಿದ್ದ ಮೇಲೆ ಒಬ್ಬರೇ ಏಳಲು ಬರುತ್ತದೆ ಅನ್ನುವ ಧೈರ್ಯ ಬಂದವರ ನಡಿಗೆಯೇ ಬೇರೆ ಆಗುವುದನ್ನು ನೋಡಿದ್ದೇನೆ.

ಹೊಟ್ಟೆ ಬೊಜ್ಜು ಮಾತ್ರ ಕರಗಿಸಿಕೊಡಿ. ಬೇರೇನೂ ಬೇಡ. ಆಗುತ್ತಾ?

ಆಗುವುದಿಲ್ಲ. ಎಲ್ಲಿಂದ ಮೊದಲು ಕೊಬ್ಬು ತೆಗೆಯಬೇಕು ಅಂತ ತೀರ್ಮಾನಿಸುವುದು ನಿಮ್ಮ ಮೈ, ನಾವು ಮಾಡುವ ವ್ಯಾಯಾಮ ಅಲ್ಲ. 1971ರಲ್ಲಿ ಕೆಲವು ಸಂಶೋಧಕರು ಟೆನಿಸ್ ಆಟಗಾರರ ಎರಡೂ ತೋಳು ಅಳೆದರು. ರಾಕೆಟ್ ಹಿಡಿಯುವ ತೋಳು ವರ್ಷಗಟ್ಟಲೆ ಹೆಚ್ಚು ದುಡಿದಿರುತ್ತದೆ. ಆದರೂ ಚರ್ಮದ ಕೆಳಗಿನ ಕೊಬ್ಬಿನ ದಪ್ಪದಲ್ಲಿ ಎರಡು ತೋಳಿಗೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ. ಮೇಲಿನ ಕೊಬ್ಬು ಇಳಿಯಬೇಕಾದರೆ ಊಟ, ನಿದ್ದೆ, ಇಡೀ ದಿನದ ಓಡಾಟ ಎಲ್ಲವೂ ಬದಲಾಗಬೇಕು.

ಹೆಂಗಸರು ಭಾರ ಎತ್ತಿದರೆ ಗಂಡಸರ ಹಾಗೆ ಕಾಣ್ತಾರಾ?

ಇಲ್ಲ. ಸ್ನಾಯು ಬೆಳೆಯಲು ನೆರವಾಗುವ ಟೆಸ್ಟೋಸ್ಟೆರಾನ್ ಅನ್ನುವ ಹಾರ್ಮೋನ್ ಹೆಂಗಸರಲ್ಲಿ ತುಂಬಾ ಕಡಿಮೆ. ಆ ಮಟ್ಟದ ಸ್ನಾಯು ಸುಮ್ನೆ ಬಂದುಬಿಡುವುದಿಲ್ಲ, ವರ್ಷಗಟ್ಟಲೆ ಅದಕ್ಕಾಗಿಯೇ ದುಡಿಯಬೇಕು. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ. ಭಾರ ಎತ್ತುವುದು ಆ ಮೂಳೆಗೆ ನೆರವು. ಹಾಗಾಗಿ ಹೆಂಗಸರು ಎತ್ತಲೇಬೇಕು ಅನ್ನುವ ಪಕ್ಷ ನನ್ನದು.

ವಾರಕ್ಕೆ ಎಷ್ಟು ದಿನ? ಜಿಮ್‌ಗೇ ಬರಬೇಕಾ?

2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸಲಹೆ ಹೀಗಿದೆ: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಜೋರಾದ ಶ್ರಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ನಾನು ಹೊಸಬರಿಗೆ ಹೇಳುವುದು ವಾರಕ್ಕೆ ಎರಡು ದಿನ ನನ್ನ ಜೊತೆ, ಉಳಿದ ದಿನ ನಡಿಗೆ. ಐದು ದಿನ ಬರ್ತೀನಿ ಅಂತ ಉತ್ಸಾಹದಲ್ಲಿ ಹೇಳುವವರನ್ನು ಎರಡಕ್ಕೆ ಒಪ್ಪಿಸುವುದೇ ಕೆಲವೊಮ್ಮೆ ದೊಡ್ಡ ಕೆಲಸ.

ಜಿಮ್ ಕಡ್ಡಾಯ ಅಲ್ಲ. 1953ರಲ್ಲಿ ಜೆರ್ರಿ ಮಾರಿಸ್ ಮತ್ತು ಜೊತೆಗಾರರು ಲಂಡನ್ ಬಸ್ ಸಿಬ್ಬಂದಿಯ ಬಗ್ಗೆ ಪ್ರಕಟಿಸಿದ ಅಧ್ಯಯನ ನೋಡಿ. ಡ್ರೈವರ್‌ಗಳು ದಿನವಿಡೀ ಕೂತಿರುತ್ತಿದ್ದರು. ಕಂಡಕ್ಟರ್‌ಗಳು ಎರಡು ಅಂತಸ್ತಿನ ಬಸ್ಸಿನಲ್ಲಿ ಮೆಟ್ಟಿಲು ಹತ್ತಿ ಇಳಿಯುತ್ತಲೇ ಇರುತ್ತಿದ್ದರು. ಹೃದಯದ ಕಾಯಿಲೆ ಕಂಡಕ್ಟರ್‌ಗಳಲ್ಲಿ ಕಡಿಮೆ ಇತ್ತು. ಅವರು ವ್ಯಾಯಾಮ ಅಂತ ಏನೂ ಮಾಡುತ್ತಿರಲಿಲ್ಲ, ಕೆಲಸವೇ ಅವರನ್ನು ಓಡಾಡಿಸುತ್ತಿತ್ತು.

10,000 ಹೆಜ್ಜೆ ಆಗಲೇಬೇಕು ಅಂತ ಒದ್ದಾಡಬೇಡಿ. ಆ ಅಂಕೆ ಹುಟ್ಟಿದ್ದು 1965ರ ಹೊತ್ತಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದ ಜೊತೆ. ಅದಕ್ಕಿಂತ ಕಡಿಮೆಯಲ್ಲೂ ಒಳ್ಳೆಯ ಲಾಭ ಇದೆ. ಈಗ 3,000 ನಡೆಯುವವರು 5,000ಕ್ಕೆ ಬಂದರೆ ನನಗೆ ಸಂತೋಷ.

ಮೈಕೈ ನೋವು ಬಂದರೆ ತಾನೇ ವ್ಯಾಯಾಮ ಸರಿಯಾಗಿ ಆಯಿತು ಅಂತ?

ನೋವು ಅಳತೆಗೋಲಲ್ಲ. ಹೊಸ ವ್ಯಾಯಾಮ ಮಾಡಿದಾಗ, ಅದರಲ್ಲೂ ತೂಕವನ್ನು ನಿಧಾನವಾಗಿ ಇಳಿಸುವಾಗ, ಸ್ನಾಯುವಿಗೆ ಸಣ್ಣಪುಟ್ಟ ಪೆಟ್ಟಾಗುತ್ತದೆ. ನೋವು ಮಾರನೆಯ ದಿನ ಶುರುವಾಗಿ ಎರಡು ಮೂರನೆಯ ದಿನಕ್ಕೆ ಜೋರಾಗಿ ತಾನೇ ಇಳಿಯುತ್ತದೆ. ಲ್ಯಾಕ್ಟಿಕ್ ಆಸಿಡ್ ಕಾರಣ ಅನ್ನುವ ಮಾತು ಸರಿಯಲ್ಲ, ಅದು ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಯಲ್ಲೇ ಇಳಿದಿರುತ್ತದೆ. ಅದೇ ವ್ಯಾಯಾಮ ಮತ್ತೆ ಮಾಡಿದಾಗ ನೋವು ಕಡಿಮೆ, ಆದರೆ ಲಾಭ ಕಡಿಮೆ ಆಗಿರುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ದಯವಿಟ್ಟು ನೆನಪಿಡಿ. ವ್ಯಾಯಾಮದ ನಂತರ ಸ್ನಾಯು ವಿಪರೀತ ಊದಿಕೊಂಡು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೆ ತೊಂದರೆ ಕೊಡುವ ಸ್ಥಿತಿ ಅದು. ಅಪರೂಪ. ಆದರೆ ವರ್ಷಗಳ ಬಿಡುವಿನ ನಂತರ ಒಂದೇ ದಿನ ಮೈ ಮುರಿಯುವಷ್ಟು ಮಾಡಿದವರಲ್ಲಿ ಕಾಣುತ್ತದೆ. ಮೊದಲ ದಿನವೇ ಜನರನ್ನು ಸುಸ್ತು ಮಾಡಿ ಕಳಿಸುವ ಪದ್ಧತಿಯನ್ನು ನಾನು ವಿರೋಧಿಸುವುದು ಇದಕ್ಕೇ.

ಮಂಡಿ ನೋವಿದೆ. ಸ್ಕ್ವಾಟ್ ಮಾಡಿಸ್ತೀರಾ?

ಮೊದಲು ಡಾಕ್ಟರ್ ಅಥವಾ ಫಿಸಿಯೋಥೆರಪಿಸ್ಟ್ ಏನು ಹೇಳಿದ್ದಾರೆ ಅಂತ ಕೇಳುತ್ತೇನೆ. ನೋವಿಗೆ ಕಾರಣ ಹುಡುಕುವುದು ಅವರ ಕೆಲಸ. ಅವರು ಒಪ್ಪಿದ ಮೇಲೆ ನೋವು ಬಾರದ ಎತ್ತರ ಹುಡುಕುತ್ತೇವೆ. ಎತ್ತರದ ಬೆಂಚಿನ ಮೇಲೆ ಕೂತು ಏಳುವುದೂ ಸ್ಕ್ವಾಟೇ. ತೊಡೆಗೆ ಬಲ ಬಂದ ಹಾಗೆ ಬೆಂಚು ತಗ್ಗಿಸುತ್ತೇನೆ. ಮಾಡುವಾಗ ಸ್ವಲ್ಪ ನೋವಾಗಿ, ಮಾರನೆಯ ದಿನಕ್ಕೆ ಹೋಗಿದ್ದರೆ ಮುಂದುವರಿಯುತ್ತೇವೆ. ಮಾರನೆಯ ದಿನ ಜಾಸ್ತಿಯಾಗಿದ್ದರೆ ಕಡಿಮೆ ಮಾಡುತ್ತೇವೆ.

ಡಯಟ್ ಚಾರ್ಟ್ ಕೊಡ್ತೀರಾ? ಪ್ರೋಟೀನ್ ಪೌಡರ್ ಬೇಕಾ?

ಚಾರ್ಟ್ ಕೊಡುವುದಿಲ್ಲ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರಿಗೆ ಊಟದ ಪಟ್ಟಿ ಬರೆಯುವುದು ಆಹಾರ ತಜ್ಞರ ಕೆಲಸ. ನಾನು ಹೇಳುವುದು ಒಂದೆರಡು ವಿಷಯ ಅಷ್ಟೇ. ಸಾಮಾನ್ಯವಾಗಿ ದಿನಕ್ಕೆ ಮೈತೂಕದ ಕಿಲೋಗೆ 0.8 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ ಸುಮಾರು 1.6 ಗ್ರಾಂವರೆಗೆ ಉಪಯೋಗ ಕಂಡಿದೆ. ಊಟದಲ್ಲೇ ಸಿಕ್ಕರೆ ಪೌಡರ್ ಬೇಡ. ಸಿಗದಿದ್ದರೆ ಪೌಡರ್ ಒಂದು ಅನುಕೂಲ, ಅದಕ್ಕಿಂತ ಹೆಚ್ಚೇನಲ್ಲ. ಉಳಿದ ಸಪ್ಲಿಮೆಂಟ್‌ಗಳಲ್ಲಿ ಕ್ರಿಯೇಟಿನ್‌ಗೆ ಮಾತ್ರ ಗಟ್ಟಿ ಪುರಾವೆ ಇದೆ ಅಂತ ಹೇಳಬಲ್ಲೆ, ದಿನಕ್ಕೆ 3ರಿಂದ 5 ಗ್ರಾಂ. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ನಾನು ಏನನ್ನೂ ಮಾರುವುದಿಲ್ಲ.

ಎರಡು ವಾರ ಆಯಿತು, ತೂಕ ಇಳಿದೇ ಇಲ್ಲ. ಯಾಕೆ?

ತೂಕದ ಯಂತ್ರ ಕೊಬ್ಬನ್ನು ಮಾತ್ರ ತೂಗುವುದಿಲ್ಲ. ನೀರು, ಊಟ ಎಲ್ಲ ಸೇರಿರುತ್ತದೆ. ಸ್ನಾಯುವಿನಲ್ಲಿ ಕೂಡಿಟ್ಟ ಒಂದು ಗ್ರಾಂ ಗ್ಲೈಕೋಜನ್ (ಮೈ ಕೂಡಿಡುವ ಸಕ್ಕರೆಯ ರೂಪ) ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಹಾಗಾಗಿ ಒಂದೆರಡು ಕಿಲೋ ದಿನದಿಂದ ದಿನಕ್ಕೆ ಏರಿಳಿಯುವುದು ಸಹಜ. ವಾರದ ಸರಾಸರಿ ನೋಡಿ. ಸೊಂಟದ ಸುತ್ತಳತೆ ನೋಡಿ. ಬಲ ಮಾತ್ರ ಬೇಗ ಏರುತ್ತದೆ. ಮೊದಲ ಕೆಲವು ವಾರ ಸ್ನಾಯು ಹೆಚ್ಚು ಬೆಳೆಯದಿದ್ದರೂ ನರಗಳು ಅದನ್ನು ಚೆನ್ನಾಗಿ ದುಡಿಸಲು ಕಲಿಯುತ್ತವೆ. ಕಳೆದ ತಿಂಗಳು ಎಂಟು ಸಲ ಎದ್ದವರು ಈಗ ಹನ್ನೆರಡು ಸಲ ಏಳುತ್ತಿದ್ದರೆ ನಾವು ಸರಿ ದಾರಿಯಲ್ಲಿದ್ದೇವೆ.

ನಾನು ಶುರು ಮಾಡಿದ್ದನ್ನೆಲ್ಲ ಅರ್ಧಕ್ಕೆ ಬಿಡ್ತೀನಿ. ನನ್ನ ಕೈಲಿ ಆಗುತ್ತಾ?

ಈ ಪ್ರಶ್ನೆ ಕೇಳುವವರ ಮುಖದಲ್ಲಿ ತಪ್ಪು ಮಾಡಿದ ಭಾವನೆ ಇರುತ್ತದೆ. ನನಗೆ ಅದು ಬೇಸರ ತರಿಸುತ್ತದೆ, ಯಾಕೆಂದರೆ ತುಂಬಾ ಸಲ ಬಿಟ್ಟಿದ್ದಕ್ಕೆ ಕಾರಣ ಅವರ ಸೋಮಾರಿತನ ಅಲ್ಲ, ಅವರ ಬದುಕಿಗೆ ಹೊಂದದ ಪಟ್ಟಿ.

ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಗಮನಿಸಿ, ಒಂದು ಹೊಸ ಕೆಲಸ ತಾನಾಗಿ ನಡೆಯುವ ಅಭ್ಯಾಸವಾಗಲು ಎಷ್ಟು ದಿನ ಬೇಕು ಅಂತ ನೋಡಿದರು. 2010ರಲ್ಲಿ ಅದು ಪತ್ರಿಕೆಯಲ್ಲಿ ಪ್ರಕಟವಾಯಿತು. ಸುಮಾರು 66 ದಿನ ಅನ್ನುವುದು ನಡುವಿನ ಅಂದಾಜು. ಆದರೆ ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕು ಅಂತ ಲೆಕ್ಕ ಬಂತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸವೇನೂ ಕೆಡಲಿಲ್ಲ. 21 ದಿನದಲ್ಲಿ ಎಲ್ಲ ಸರಿಹೋಗುತ್ತದೆ ಅನ್ನುವ ಮಾತನ್ನು ನಂಬಿ, 22ನೇ ದಿನ ಮನಸ್ಸು ಬಾರದಿದ್ದಾಗ ತಮ್ಮನ್ನೇ ಬೈದುಕೊಳ್ಳುವವರಿಗೆ ಇದನ್ನು ತಪ್ಪದೆ ಹೇಳುತ್ತೇನೆ.

ನಾನು ಮಾಡುವುದು ಏನಂದರೆ, ತೀರಾ ಕೆಟ್ಟ ದಿನಕ್ಕೂ ಒಂದು ಚಿಕ್ಕ ಪಟ್ಟಿ ಮೊದಲೇ ಬರೆದುಕೊಡುತ್ತೇನೆ. ಮಗುವಿಗೆ ಜ್ವರ, ಆಫೀಸಿನಲ್ಲಿ ತಡ, ನಿದ್ದೆ ಇಲ್ಲ. ಅಂಥ ದಿನ ಹತ್ತು ಸಲ ಕುರ್ಚಿಯಿಂದ ಎದ್ದು, ಗೋಡೆಗೆ ಹತ್ತು ಪುಶ್‌ಅಪ್ ಮಾಡಿದರೆ ಆಯಿತು. ಅದಕ್ಕೂ ಲೆಕ್ಕ ಉಂಟು. ಎರಡನೆಯದು, ಆಯ್ಕೆ ನಿಮ್ಮದು. ಕಾಲಿಗೆ ಎರಡು ವ್ಯಾಯಾಮ ಮುಂದಿಟ್ಟು "ಇವತ್ತು ಯಾವುದು?" ಅಂತೇನೆ. ತಾವೇ ಆರಿಸಿದ್ದನ್ನು ಜನ ಹೆಚ್ಚು ದಿನ ಮಾಡುತ್ತಾರೆ ಅನ್ನುವುದು ನನ್ನ ಅನುಭವ. ಮೂರನೆಯದು, ಬಾರದ ದಿನ ನಾನು "ಯಾಕೆ ಬರಲಿಲ್ಲ?" ಅಂತ ಕೇಳುವುದಿಲ್ಲ. "ಹೇಗಿದ್ದೀರಿ? ಮುಂದಿನ ಸಲಕ್ಕೆ ಯಾವ ಹೊತ್ತು ಅನುಕೂಲ?" ಅಂತ ಮೆಸೇಜ್ ಹಾಕುತ್ತೇನೆ.

ನೀವು ಕೂಗಾಡ್ತೀರಾ? ಬೈತೀರಾ?

ಇಲ್ಲ. ಮೈ ಮುಟ್ಟಿ ಭಂಗಿ ಸರಿಪಡಿಸುವ ಮೊದಲೂ ಪ್ರತಿ ಸಲ ಕೇಳುತ್ತೇನೆ. ಬೇಡ ಅಂದರೆ ಮಾತಲ್ಲೇ ಹೇಳುತ್ತೇನೆ, ಮಾಡಿ ತೋರಿಸುತ್ತೇನೆ. ನಿಮ್ಮ ಫೋಟೋ, ತೂಕ, ಅಳತೆ ಯಾರಿಗೂ ಹೋಗುವುದಿಲ್ಲ.

ಎಷ್ಟು ಕಾಲ ನಿಮ್ಮ ಹತ್ತಿರ ಬರಬೇಕು?

ನಿಮಗೆ ನೀವೇ ಮಾಡಿಕೊಳ್ಳಲು ಬರುವವರೆಗೆ. ವಾರ್ಮ್‌ಅಪ್ ಹೇಗೆ, ತೂಕ ಯಾವಾಗ ಏರಿಸಬೇಕು, ಯಾವಾಗ ಇಳಿಸಬೇಕು, ಯಾವ ನೋವಿಗೆ ನಿಲ್ಲಿಸಬೇಕು. ಇಷ್ಟು ನಿಮಗೆ ಬಂದ ದಿನ ನಾನೇ ಹೇಳುತ್ತೇನೆ. ಕೆಲವರಿಗೆ ಆರು ತಿಂಗಳು ಸಾಕು. ಕೆಲವರಿಗೆ ಜೊತೆಗೊಬ್ಬರು ಇದ್ದರೆ ಮಾತ್ರ ಮನಸ್ಸು ಬರುತ್ತದೆ, ಅವರು ವರ್ಷಗಟ್ಟಲೆ ಬರುತ್ತಾರೆ. ಎರಡೂ ಸರಿ. ಆದರೆ "ನೀವಿಲ್ಲದಿದ್ದರೆ ನನ್ನ ಕೈಲಿ ಆಗಲ್ಲ" ಅಂತ ಯಾರಾದರೂ ಅಂದರೆ ನನ್ನ ಕೆಲಸ ಇನ್ನೂ ಬಾಕಿ ಇದೆ ಅಂತ ತಿಳಿದುಕೊಳ್ಳುತ್ತೇನೆ.

ಮೊದಲ ದಿನ ಏನು ತರಬೇಕು?

ಜಾರದ ಶೂ, ತಳ ತೀರಾ ಮೆತ್ತಗಿರದಿದ್ದರೆ ಒಳ್ಳೆಯದು. ಸಡಿಲ ಬಟ್ಟೆ, ನೀರಿನ ಬಾಟಲಿ. ತಗೊಳ್ಳುವ ಮಾತ್ರೆಗಳ ಚೀಟಿ. ಹಳೆಯ ಎಕ್ಸ್‌ರೇ, ರಿಪೋರ್ಟ್ ಇದ್ದರೆ ಅದೂ ಇರಲಿ. ಹೊಟ್ಟೆ ತುಂಬಾ ಊಟ ಮಾಡಿ ಎರಡು ಗಂಟೆಯಾದರೂ ಆಗಿರಲಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು ಮಾತ್ರ ಖಾಲಿ ಹೊಟ್ಟೆಯಲ್ಲಿ ಬರಬೇಡಿ, ಸ್ವಲ್ಪ ಸಿಹಿ ಜೊತೆಗಿಟ್ಟುಕೊಳ್ಳಿ.